ತೂತು ಎಲ್ಲಿತ್ತು ಹೇಳಿ

ನನ್ನ ಓರಗಿತ್ತಿಯ ಕಥೆ ಹೇಳಬೇಕಾದರೆ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುತ್ತೇನೆ, ಓಡಿಹೋಗಲ್ಲ, ಸ್ವಲ್ಪ ತಾಳಿ. ನನಗೆ ಬಾಯಿ ಜಾಸ್ತಿ, ಕೋಪ ಮೂಗಿನ ತುದಿಯಲ್ಲೇ ಇರುತ್ತೆ. ಮನೆಯಲ್ಲಿ ನನಗೆ ರೇಡಿಯೋ ಅಂತ ಹೆಸರಿಟ್ಟಿದ್ದಾರೆ. ಇಟ್ಟವರು ನನ್ನ ಯಜಮಾನರೇ, ಅದಕ್ಕೆ ಆಗಬೇಕಾದ ಶಿಕ್ಷೆ ಅವರಿಗೆ ಆಗುತ್ತಲೇ ಇದೆ.

ಓರಗಿತ್ತಿ, ಅಂದರೆ ನಮ್ಮ ಭಾವನ ಹೆಂಡತಿ, ನನಗೆ ತದ್ವಿರುದ್ಧ. ನಾನು ಅಕ್ಕ ಅಂತೀನಿ, ಊರಿನವರು ಸೂಜಿಯಕ್ಕ ಅಂತಾರೆ. ಇರುವುದು ಒಂದೇ ಮನೆ. ಕೆಳಗೆ ಅವರು, ಮಹಡಿಯಲ್ಲಿ ನಾವು. ಅತ್ತೆ ಮಾತ್ರ ಯಾವ ಮನೆಯಲ್ಲಿ ಅವತ್ತು ಅಡುಗೆ ಚೆನ್ನಾಗಿದೆಯೋ ಆ ಮನೆಯವರು. ನಾನು ಬೆಳಗ್ಗೆ ಹಾಲು ಕಾಯಿಸುವಷ್ಟರಲ್ಲಿ ಆಡುವ ಮಾತು ಅಕ್ಕನಿಗೆ ಒಂದು ವಾರಕ್ಕೆ ಸಾಕು.

ಅವಳ ಕೆಲಸ ರಫೂ. ಹರಿದ ಬಟ್ಟೆ, ಸುಟ್ಟ ಬಟ್ಟೆ, ಇಲಿ ಕಡಿದ ಬಟ್ಟೆ, ಯಾವುದೇ ಇರಲಿ, ತೇಪೆ ಹಾಕದೆ ಅದೇ ಜಾಗದಲ್ಲಿ ಮತ್ತೆ ನೇಯ್ದು ಕೊಡುತ್ತಾಳೆ. ಕೋಟಿನ ಒಳಗೆ ಮಡಿಸಿ ಹೊಲಿದ ಅಂಚು ಇರುತ್ತಲ್ಲ, ಹೊರಗಿನಿಂದ ಯಾರಿಗೂ ಕಾಣದ ಜಾಗ, ಅಲ್ಲಿಂದ ಒಂದೊಂದೇ ಎಳೆ ಬಿಡಿಸಿ ತೆಗೆಯುತ್ತಾಳೆ. ಆಮೇಲೆ ತೂತಿನ ಮೇಲೆ ಆ ಎಳೆಗಳನ್ನು ಒಂದು ಮೇಲೆ ಒಂದು ಕೆಳಗೆ ಅಂತ ಉದ್ದ ಸೂಜಿಯಲ್ಲಿ ಹೆಣೆಯುತ್ತಾ ಹೋಗುತ್ತಾಳೆ. ಕೊನೆಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆದರೆ ಮುಗಿಯಿತು. ಬಟ್ಟೆ ಕೊಟ್ಟವರೇ ಬಂದು, ನನ್ನದು ಇದಲ್ಲ, ನನ್ನದು ಹರಿದಿತ್ತು ಅಂತ ಜಗಳ ತೆಗೆದದ್ದಿದೆ.

ಅಂಗಡಿ ಬೀದಿಯ ತುದಿಯಲ್ಲಿ, ಡ್ರೈಕ್ಲೀನಿಂಗಿನವರ ಪಕ್ಕದ ಕೋಣೆ. ಉದ್ದ ಹತ್ತು ಅಡಿ, ಅಗಲ ಎಂಟು. ಒಂದು ಮೇಜು, ದುಂಡನೆಯ ಮರದ ಚೌಕಟ್ಟುಗಳು, ಸ್ಟ್ಯಾಂಡಿಗೆ ಸಿಕ್ಕಿಸಿದ ಭೂತಗನ್ನಡಿ, ಉತ್ತರಕ್ಕೆ ದೊಡ್ಡ ಕಿಟಕಿ. ಪಕ್ಕದ ಅಂಗಡಿಯ ಹಬೆಗೆ ಒಂದು ಗೋಡೆ ಯಾವಾಗಲೂ ಬೆಚ್ಚಗಿರುತ್ತೆ. ಈ ಕೆಲಸ ಕಲಿಸಿದ್ದು ಅವಳ ಅಪ್ಪ. ಕಲಿಸುವಾಗ ಎರಡು ಮಾತು ಹೇಳಿದ್ದರಂತೆ. ಹಗಲು ಬೆಳಕಿಲ್ಲದೆ ಬಣ್ಣ ಹೊಂದಿಸಬಾರದು. ಯಾರ ಬಟ್ಟೆ ಹೇಗೆ ಹರಿಯಿತು ಅಂತ ಬಾಯಿ ಬಿಡಬಾರದು. ಅದಕ್ಕೇ ಅಕ್ಕ ನಾಲ್ಕು ಗಂಟೆ ಆದಮೇಲೆ ಸೂಜಿ ಮುಟ್ಟಲ್ಲ, ಬಟ್ಟೆಗೆ ಹೆಸರೂ ಬರೆಯಲ್ಲ. ನೀಲಿ ಚೀಟಿಯಲ್ಲಿ ಬರೀ ಒಂದು ನಂಬರು. ಅರ್ಧ ಚೀಟಿ ಬಟ್ಟೆಗೆ, ಅರ್ಧ ಬಟ್ಟೆಯವರಿಗೆ.

ಇಂಥವಳಿಗೆ ಒಂಬತ್ತು ವರ್ಷದ ಹಿಂದೆ ಭಾವ ಫೇಸ್‌ಬುಕ್ ಮಾಡಿಕೊಟ್ಟರು. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಒಳ್ಳೆಯ ಮನುಷ್ಯ, ಆದರೆ ಯಾವ ಕೆಲಸವನ್ನೂ ಅರ್ಧಕ್ಕಿಂತ ಮುಂದೆ ಯೋಚಿಸಲ್ಲ. ಅವಳ ಹೆಸರಲ್ಲಿ ಒಂದು ಖಾತೆ ತೆರೆದು, ಮದುವೆ ಮನೆಯಲ್ಲಿ ತೆಗೆದ ಫೋಟೋ ಹಾಕಿ, ಕೆಳಗೆ "ಇಲ್ಲಿ ರಫೂ ಮಾಡಿಕೊಡಲಾಗುತ್ತದೆ" ಅಂತ ಬರೆದು, ಮನೆಯ ನಂಬರನ್ನೇ ಕೊಟ್ಟುಬಿಟ್ಟರು. ಅಲ್ಲಿಂದ ಮನೆಯೂ ಅದೇ, ಅಂಗಡಿಯೂ ಅದೇ. ಬೆಳಗಾದರೆ ಭಾವ ಅವಳ ಗೋಡೆಗೆ ಗುಲಾಬಿ ಹೂವಿನ ಶುಭೋದಯ ಅಂಟಿಸುತ್ತಿದ್ದರು. ಅದರ ಕೆಳಗೆ ಯಾರದೋ ಪ್ಯಾಂಟಿನ ಮೊಣಕಾಲು. ಅದರ ಕೆಳಗೆ ನನ್ನ ತಂಗಿಯ ಮಗಳ ಹಾಲುಹಲ್ಲು ಬಿದ್ದ ಫೋಟೋ. ನೀರಿನ ಟ್ಯಾಂಕಿನ ವಿಷಯಕ್ಕೆ ಎದುರುಮನೆಯವರ ಮೇಲೆ ನಾನು ಬರೆದ ಎರಡು ಪುಟದ ಪತ್ರವೂ ಅಲ್ಲೇ ಇತ್ತು, ಅಕ್ಕನಿಗೆ ಟ್ಯಾಗ್ ಮಾಡಿ ಹಾಕಿದ್ದೆ. ಗಿರಾಕಿಗಳು ಕೋಟಿನ ಕೆಲಸ ಎಲ್ಲಿಗೆ ಬಂತು ಅಂತ ಕೇಳುತ್ತಿದ್ದದ್ದು ಮೊಸರು ಹೆಪ್ಪು ಹಾಕುವುದು ಹೇಗೆ ಅನ್ನುವ ಚರ್ಚೆಯ ನಡುವೆ.

ಈಗ ನನ್ನ ತಪ್ಪು. ಒಂದು ದಿನ ಅಕ್ಕ ಒಂದು ಕಪ್ಪು ಕೋಟಿನ ತೋಳಿನ ಎರಡು ಫೋಟೋ ಹಾಕಿದಳು, ಸುಟ್ಟಾಗಿನದು ಒಂದು, ಸರಿಮಾಡಿದ ಮೇಲಿನದು ಒಂದು. ಹೆಸರಿಲ್ಲ, ಊರಿಲ್ಲ. ಆದರೆ ತೋಳಿನ ಕೊನೆಯ ಗುಂಡಿ ಮಾತ್ರ ಕಂದು ಬಣ್ಣದ್ದು. ಆ ಗುಂಡಿ ನನಗೆ ಗೊತ್ತು, ಇಡೀ ಬೀದಿಗೆ ಗೊತ್ತು. ನಮ್ಮ ಮಕ್ಕಳಿಗೆಲ್ಲ ಹಾಡು ಕಲಿಸಿದ ಸಂಗೀತದ ಮೇಷ್ಟ್ರ ಕೋಟು, ಅವರಿಗೆ ಇರುವುದೇ ಅದೊಂದು. ಎಲುಬಿಲ್ಲದ ನಾಲಿಗೆ ಅಂತಾರಲ್ಲ, ನನ್ನ ಬೆರಳಿಗೂ ಎಲುಬಿಲ್ಲ. ಬರೆದೇಬಿಟ್ಟೆ: "ಅಯ್ಯೋ, ಇದು ನಮ್ಮ ಮೇಷ್ಟ್ರ ಕೋಟು! ಇಸ್ತ್ರಿಪೆಟ್ಟಿಗೆ ಅದರ ಮೇಲಿಟ್ಟು ಯಾವ ರಾಗ ಹಾಡ್ತಾ ನಿಂತಿದ್ರೋ!"

ನಕ್ಕರು ನೋಡಿ ಜನ. ಭಾವ ನಕ್ಕರು, ಅಣ್ಣತಮ್ಮಂದಿರ ಮಕ್ಕಳೆಲ್ಲ ನಕ್ಕರು, ಪರಿಚಯವೇ ಇಲ್ಲದವರೂ ಬಂದು ನಕ್ಕರು. ಇನ್ನೂ ಅರವತ್ತು ಜನ ನಗಲಿ ಅಂತ ನಾನು ಮಧ್ಯಾಹ್ನದವರೆಗೂ ಉತ್ತರ ಕೊಡುತ್ತಾ ಕೂತಿದ್ದೆ. ಸಂಜೆ ಅಕ್ಕ ಬಂದು, ಅದನ್ನ ಅಳಿಸು ಅಂದಳು. ಅಳಿಸಿದೆ. ಮರುದಿನ ಮೇಷ್ಟ್ರು ಅಂಗಡಿಗೆ ಬಂದು, ಕೆಲಸ ಚೆನ್ನಾಗಿದೆಯಮ್ಮ ಅಂತ ಹೇಳಿ ಕೋಟು ಮಡಿಸಿಕೊಂಡು ಹೋದರು. ಆ ವಾರ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳನ್ನು ನಿಲ್ಲಿಸಿಕೊಂಡು ಬರೀ ಅಂಗಿಯಲ್ಲಿ ಹಾಡಿಸಿದರು. ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದುದನ್ನು ನಾನೇ ಮೂರನೇ ಸಾಲಿನಿಂದ ನೋಡಿದೆ. ಅಂಗಡಿ ಕಡೆಗೆ ಮತ್ತೆ ತಲೆ ಹಾಕಲಿಲ್ಲ. ಅಕ್ಕ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರ ಮಾಡಿಕೊಳ್ಳುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ ಪುಣ್ಯಾತ್ಗಿತ್ತಿ.

ಎರಡು ತಿಂಗಳಾದ ಮೇಲೆ ನಾಟಕಮಂದಿರದ ಮ್ಯಾನೇಜರು ಅಂಗಡಿಗೆ ಬಂದರು. ನಾನು ಊಟದ ಡಬ್ಬಿ ಕೊಡಲು ಹೋದವಳು ಅಲ್ಲೇ ಸ್ಟೂಲಿನ ಮೇಲಿದ್ದೆ. ಮಂದಿರಕ್ಕೆ ಬಣ್ಣ ಹೊಡೆಸಿ, ಕುರ್ಚಿಗಳನ್ನೆಲ್ಲ ಹೊಸದಾಗಿ ಹಾಕಿಸುತ್ತಿದ್ದರಂತೆ. ಬಣ್ಣದವರ ಏಣಿ ಜಾರಿ ವೇದಿಕೆಯ ದೊಡ್ಡ ಪರದೆಗೆ ಸಿಕ್ಕಿಕೊಂಡು, ಉದ್ದಕ್ಕೊಂದು ಗೇಣು ಅಡ್ಡಕ್ಕೊಂದು ಗೇಣು ಹರಿದುಹೋಗಿದೆ. ದಾಳಿಂಬೆ ಬಣ್ಣದ ಮಖಮಲ್ಲಿನ ಪರದೆ, ಅಂಥ ಬಟ್ಟೆ ಈಗ ಎಲ್ಲೂ ನೇಯುವುದಿಲ್ಲ. ಮೂವತ್ತು ವರ್ಷದ ಹಿಂದೆ ಅದನ್ನು ಕೊಡಿಸಿದ ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ, ಮರು ಆರಂಭದ ದಿನ ಮೊದಲ ಸಾಲಿನಲ್ಲಿ ಕೂರುತ್ತಾರೆ. ಅವರ ಕಿವಿಗೆ ಬೀಳಬಾರದು ಅನ್ನುವುದೊಂದೇ ಮ್ಯಾನೇಜರ ಚಿಂತೆ.

ಅಕ್ಕನ ಮುಖ ನಾನು ಅಷ್ಟು ಬೆಳಗಿದ್ದು ನೋಡೇ ಇರಲಿಲ್ಲ. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಮೊಣಕೈ, ಮೊಣಕಾಲು, ಜೇಬಿನ ಮೂಲೆ. ಇಡೀ ಊರು ಎದುರಿಗೆ ಕೂತು ನೋಡುವಂಥ ಬಟ್ಟೆ ಅವಳ ಕೈಗೆ ಒಮ್ಮೆಯೂ ಬಂದಿರಲಿಲ್ಲ. ಪರದೆಯ ಅಂಚು ಒಳಗೆ ಎಷ್ಟು ಮಡಿಸಿದ್ದಾರೆ ಅಂತ ಕೇಳಿದಳು.

ಮ್ಯಾನೇಜರು ಮಾತ್ರ ಕುತ್ತಿಗೆ ಕೆರೆದುಕೊಂಡರು. "ನಿಮ್ಮ ಕೈ ಬಗ್ಗೆ ಅನುಮಾನ ಇಲ್ಲಮ್ಮ. ಆದರೆ ಆ ಕೋಟಿನ ವಿಷಯ ಓದಿ ನಕ್ಕವರಲ್ಲಿ ನಾನೂ ಒಬ್ಬ. ಅದಕ್ಕೇ ಹೆದರಿಕೆ. ನಿಮ್ಮ ಹತ್ತಿರ ಬಿಟ್ಟ ಬಟ್ಟೆ ಊರಿನ ಬಾಯಿಗೆ ಬೀಳುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತೆ. ಬೇರೆ ಊರಿನ ದೊಡ್ಡ ಕಂಪನಿಯೊಂದನ್ನು ಕೇಳಿದ್ದಾರಂತೆ, ಅವರು ಹರಿದ ಭಾಗ ಪೂರ್ತಿ ಕತ್ತರಿಸಿ ಬೇರೆ ಬಟ್ಟೆ ಕೂಡಿಸುತ್ತಾರಂತೆ. ಇಪ್ಪತ್ತು ದಿನದಲ್ಲಿ ತೀರ್ಮಾನ ಮಾಡಬೇಕು ಅಂತ ಹೇಳಿ ಹೊರಟರು. ಅಷ್ಟು ಚಂದದ ಬಟ್ಟೆಗೆ ಕತ್ತರಿ ಹಾಕುತ್ತಾರಲ್ಲ ಅಂತ ಅಕ್ಕ ತನಗೇ ಹೇಳಿಕೊಂಡಳು. ಅವತ್ತು ಡಬ್ಬಿ ಬಿಚ್ಚಲೇ ಇಲ್ಲ.

ಸಂಜೆ ಆರಕ್ಕೆ ಅಡುಗೆಮನೆ ಮೇಜಿನ ಮುಂದೆ ಕನ್ನಡಕ ಏರಿಸಿಕೊಂಡು ಫೋನು ಹಿಡಿದು ಕೂತಳು. ಒಂಬತ್ತು ವರ್ಷದ ಸಿಕ್ಕು. ಅವಳು ಅದನ್ನು ಬಿಡಿಸಿದ ರೀತಿ ನೋಡಬೇಕಿತ್ತು ನೀವು, ಕೋಟಿನ ಎಳೆ ಬಿಡಿಸಿದ ಹಾಗೇ, ಒಂದೊಂದಾಗಿ, ಅವಸರವಿಲ್ಲದೆ. ಗಿರಾಕಿಗಳ ಬಟ್ಟೆಯ ಫೋಟೋ ಇನ್ನೂರ ಹದಿನಾಲ್ಕು ಇದ್ದವು, ಎಲ್ಲ ತೆಗೆದಳು. ನಾನು ಮಾಡಿದ ಟ್ಯಾಗುಗಳನ್ನೆಲ್ಲ ಕಿತ್ತಳು. ಮನೆಯ ಫೋಟೋಗಳು ಮನೆಯವರಿಗೂ ಗೆಳತಿಯರಿಗೂ ಮಾತ್ರ ಕಾಣುವ ಹಾಗೆ ಮಾಡಿದಳು. ಆಮೇಲೆ ಅಂಗಡಿಗೆ ಅಂತಲೇ ಬೇರೆ ಒಂದು ಪುಟ ತೆರೆದು ಅದಕ್ಕೆ "ಕಾಣದ ಹೊಲಿಗೆ" ಅಂತ ಹೆಸರಿಟ್ಟಳು. ಮದುವೆಯ ಫೋಟೋ ಬದಲು ಸೂಜಿಯ ಫೋಟೋ. ಮನೆಯ ನಂಬರಿನ ಬದಲು ಹೊಸ ಸಿಮ್ಮಿನ ನಂಬರು. ವೇಳೆ ಹತ್ತರಿಂದ ನಾಲ್ಕು, ಬಟ್ಟೆಯ ವಿಷಯ ಗುಟ್ಟಾಗಿ ಇಡಲಾಗುವುದು. ಮನೆಯವರು ಅಲ್ಲಿ ಏನು ಬರೆದರೂ ಅಳಿಸುತ್ತೇನೆ ಅಂತ ಮೊದಲೇ ಹೇಳಿದಳು. ಇದನ್ನೆಲ್ಲ ಮಾಡಲು ಅವಳಿಗೆ ಮೂರು ಸಂಜೆ ಹಿಡಿಯಿತು.

ಮನೆಯಲ್ಲಿ ಎದ್ದ ಗಲಾಟೆ ಕೇಳಬೇಡಿ. ಪುಟದ ಕೀಲಿ ನನ್ನ ಹತ್ತಿರವೂ ಇರಲಿ, ಏನಾದರೂ ಕೆಟ್ಟರೆ ರಿಪೇರಿ ಮಾಡುತ್ತೇನೆ ಅಂತ ಭಾವ ಕೇಳಿದರು. ಅಕ್ಕ ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿದಳು. ಭಾವ ಎರಡು ದಿನ ಶುಭೋದಯ ಹಾಕಲಿಲ್ಲ, ಅವರಿಗೆ ಅದೇ ಉಪವಾಸ. ಅವಳ ಅಣ್ಣ ಫೋನ್ ಮಾಡಿ, ಅಂಗಡಿ ಪುಟದಲ್ಲಿ ನಮ್ಮ ಮಾತು ಅಳಿಸ್ತೀಯಂತೆ, ನಾವೇನು ಬೀದಿಯವರಾ ಅಂದರು. ನನಗೂ ಉರಿಯಿತು, ಸುಳ್ಳು ಯಾಕೆ ಹೇಳಲಿ. ತಪ್ಪು ಮಾಡಿದ್ದು ನಾನೇ ಆದರೂ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನನ್ನೊಬ್ಬಳ ಬಾಯಿಗೆ ಎಲ್ಲರನ್ನೂ ಹೊರಗಿಟ್ಟಳಲ್ಲ ಅಂತ ಗೊಣಗಿಕೊಂಡೆ.

ಅತ್ತೆ ಆ ದಿನ ಕೆಳಗಿನ ಮನೆಯ ಊಟಕ್ಕೆ ಬಂದಿದ್ದರು. ಬಾಯಲ್ಲಿದ್ದ ತುತ್ತು ನುಂಗಿ ನಮ್ಮನ್ನೆಲ್ಲ ಒಮ್ಮೆ ನೋಡಿದರು. "ಮನೆಗೂ ಬಾಗಿಲಿದೆ, ಅಂಗಡಿಗೂ ಬಾಗಿಲಿದೆ. ಇಷ್ಟು ದಿನ ಇವಳ ಅಂಗಡಿಗೆ ನಮ್ಮ ಅಡುಗೆಮನೆಯಿಂದ ದಾರಿ ಇತ್ತು. ಈಗ ಗೋಡೆ ಕಟ್ಟಿಕೊಂಡಿದ್ದಾಳೆ. ಗೋಡೆ ಕಟ್ಟಿದವಳೇನು ಊಟ ಹಾಕಲ್ಲ ಅಂದಳಾ?" ಅಂದರು. ಹಾಗಂದು ತಟ್ಟೆಯನ್ನು ಅಕ್ಕನ ಮುಂದೆ ಚಾಚಿದರು.

ಮೊದಲ ವಾರ ಅಕ್ಕನೇ ಎಡವಿದಳು. ಅವಳ ಅಣ್ಣನ ಮೊಮ್ಮಗುವಿನ ಫೋಟೋ ಕೆಳಗೆ "ನನ್ನ ಬಂಗಾರದ ಗುಂಡಣ್ಣ, ಒಂದು ಮುತ್ತು ಕೊಡು" ಅಂತ ಬರೆದಿದ್ದಳು. ಬರೆದದ್ದು ಪುಟದ ಹೆಸರಿನಲ್ಲಿ. ಸೂಜಿಯ ಫೋಟೋ, ಕಾಣದ ಹೊಲಿಗೆ, ಮುತ್ತು ಕೊಡು. ಇದ್ಯಾವ ಅಂಗಡಿಯವರು ನಮ್ಮ ಮಗುವನ್ನು ಮುತ್ತು ಕೇಳುವುದು ಅಂತ ಮಗುವಿನ ತಾಯಿಯ ಕಡೆಯವರು ಜೋರು ಮಾಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಅಕ್ಕನೂ ನಕ್ಕಳು, ಕೋಟಿನ ಘಟನೆಯ ನಂತರ ನಾವಿಬ್ಬರೂ ಜೊತೆಗೆ ನಕ್ಕದ್ದು ಅದೇ ಮೊದಲು. ಅಂದಿನಿಂದ ಏನೇ ಬರೆಯುವ ಮೊದಲು, ಯಾರ ಹೆಸರಲ್ಲಿ ಬರೆಯುತ್ತಿದ್ದೇನೆ ಅಂತ ಮೂಲೆಯ ಚಿತ್ರ ನೋಡುವುದನ್ನು ರೂಢಿ ಮಾಡಿಕೊಂಡಳು.

ಪುಟವೇನೋ ಆಯಿತು, ಆದರೆ ಅದರಲ್ಲಿ ಹಾಕುವುದೇನು? ಗಿರಾಕಿಗಳ ಬಟ್ಟೆ ಹಾಕುವ ಹಾಗಿಲ್ಲ. ಹಾಕಿದರೂ ಅವಳ ಕೆಲಸ ಎಷ್ಟು ಚೆನ್ನಾಗಿದೆಯೋ ಅಷ್ಟೂ ಕಣ್ಣಿಗೆ ಕಾಣಲ್ಲ. ಬೇರೆಯವರು ಮಾಡಿದ್ದನ್ನು ತೋರಿಸಿ ಹೆಸರು ಮಾಡುತ್ತಾರೆ. ಇವಳದು ಕಂಡರೆ ಕೆಟ್ಟಿತು ಅಂತಲೇ ಲೆಕ್ಕ. ಐದು ದಿನ ಪುಟದಲ್ಲಿ ಆ ಒಂದು ಸೂಜಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಇಪ್ಪತ್ತು ದಿನದಲ್ಲಿ ಎಂಟು ಆಗಲೇ ಕಳೆದಿತ್ತು.

ಒಂಬತ್ತನೆಯ ದಿನ ನಾನು ಬೀರುವಿನಿಂದ ನನ್ನ ಶಾಲು ತೆಗೆದೆ. ಪಾಚಿ ಬಣ್ಣದ ಉಣ್ಣೆಯ ಶಾಲು, ಅದರಲ್ಲಿ ಬೂದು ಬಣ್ಣದ ಸಣ್ಣ ಚೌಕಗಳು. ನಮ್ಮಮ್ಮ ಸಾಯುವ ಮುಂಚಿನ ವರ್ಷ ನನ್ನ ಹೆಗಲಿಗೆ ಹೊದಿಸಿದ್ದು. ನಾನು ಅದನ್ನು ಹೊದೆಯುವುದೂ ಇಲ್ಲ, ತೆಗೆದು ಮೂಸಿ ನೋಡಿ ಮತ್ತೆ ಇಡುತ್ತೇನೆ. ಅಂಗಡಿಗೆ ಒಯ್ದು ಮೇಜಿನ ಮೇಲೆ ಹಾಸಿದೆ. ಇದಕ್ಕೆ ತೂತು ಮಾಡು, ಸರಿಮಾಡಿ ಹಾಕು, ಇದು ಗಿರಾಕಿಯದಲ್ಲ ಅಂದೆ. ಅಕ್ಕ ಬಹಳ ಹೊತ್ತು ಆ ಶಾಲು ಸವರಿದಳು. ಅದು ಯಾರದು ಅಂತ ಅವಳಿಗೆ ಗೊತ್ತಿತ್ತು. ಆಮೇಲೆ ಕತ್ತರಿ ತೆಗೆದು ನನ್ನ ಕೈಗೇ ಕೊಟ್ಟಳು.

ಕತ್ತರಿಸಿದೆ. ಒಂದು ನಾಣ್ಯದಷ್ಟು ಅಗಲ. ಬಟ್ಟೆ ಕತ್ತರಿಸಿದ ಸದ್ದು ಎಷ್ಟು ದೊಡ್ಡದು ಅಂತ ನನಗೆ ಆ ದಿನ ಗೊತ್ತಾಯಿತು. ಅಮ್ಮ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದಳು. ಅಥವಾ, ಈಗಲಾದರೂ ಬಾಯಿಗೆ ತಕ್ಕ ದಂಡ ಕಟ್ಟಿದೆಯಲ್ಲ ಅನ್ನುತ್ತಿದ್ದಳೋ ಏನೋ.

ನಾಲ್ಕು ದಿನ ಅಕ್ಕ ಕಿಟಕಿ ಬಿಟ್ಟು ಏಳಲಿಲ್ಲ. ಐದನೆಯ ದಿನ ಶಾಲು ನನ್ನ ತೊಡೆಯ ಮೇಲೆ ಹಾಕಿ ಹುಡುಕು ಅಂದಳು. ಕತ್ತರಿಸಿದವಳು ನಾನು, ಎಲ್ಲಿ ಅಂತ ಗೊತ್ತಿದ್ದವಳು ನಾನು. ಬೆಳಕಿಗೆ ಹಿಡಿದೆ, ಉಗುರು ಆಡಿಸಿದೆ, ಚೌಕ ಎಣಿಸಿದೆ. ಸಿಗಲಿಲ್ಲ. ಅತ್ತುಬಿಟ್ಟೆ. ಅಮ್ಮನ ಶಾಲು ಹಾಗೇ ಇತ್ತು, ಪೂರ್ತಿಯಾಗಿ.

ಆಗ ಹೊಳೆದದ್ದು ಅವಳಿಗೆ. ಕಾಣುವುದಿಲ್ಲ ಅನ್ನುವುದನ್ನೇ ತೋರಿಸಿದರಾಯಿತಲ್ಲ! ಪುಟದಲ್ಲಿ ಮೊದಲು ಕತ್ತರಿಸಿದ ತೂತನ್ನು ಹತ್ತಿರದಿಂದ ತೆಗೆದ ಫೋಟೋ ಹಾಕಿದಳು, ಆಮೇಲೆ ಪೂರ್ತಿ ಶಾಲು ಹಾಸಿದ್ದು. ಕೆಳಗೆ ಒಂದೇ ಸಾಲು: ತೂತು ಎಲ್ಲಿತ್ತು ಹೇಳಿ.

ಜನಕ್ಕೆ ಇನ್ನೇನು ಬೇಕು. ಫೋಟೋ ಮೇಲೆ ಕೆಂಪು ಸುತ್ತು ಹಾಕಿ ಕಳಿಸಲು ಶುರು ಮಾಡಿದರು. ಬಲಮೂಲೆ, ಎಡಮೂಲೆ, ನಡುವೆ, ಕುಚ್ಚಿನ ಹತ್ತಿರ. ಅಕ್ಕ ಎಲ್ಲರಿಗೂ ಒಂದೇ ಉತ್ತರ ಬರೆದಳು, ಇಲ್ಲ. ಮೊದಲ ದಿನ ಎಂಬತ್ತು ಜನ, ಮೂರನೆಯ ದಿನಕ್ಕೆ ಆರುನೂರು. ನೇಯ್ಗೆ ಪಾಠ ಹೇಳುವ ಒಬ್ಬ ಮೇಡಂ ಅಳತೆಪಟ್ಟಿ ಇಟ್ಟು ಎಣಿಸಿ ಗುರುತು ಮಾಡಿದರು, ಅದೂ ತಪ್ಪು. ಮನೆಯವರು ಈಗ ಮುನಿಸು ಮರೆತು ತಾವೇ ಬಟ್ಟೆ ಹಿಡಿದು ಸಾಲಾಗಿ ನಿಂತರು. ಭಾವ ತಮ್ಮ ಒಳ್ಳೆಯ ಪ್ಯಾಂಟು ಕೊಟ್ಟರು, ಅವಳ ಅಣ್ಣ ಟೈ ಕಳಿಸಿದರು, ನಮ್ಮ ಯಜಮಾನರ ಸ್ವೆಟರು ನಾನೇ ಕೇಳದೆ ತೆಗೆದುಕೊಟ್ಟೆ. ಅಂಗಡಿಗೆ ಅವರೆಲ್ಲರ ಮಾತು ಬೇಕಿರಲಿಲ್ಲ, ಬಟ್ಟೆ ಬೇಕಿತ್ತು.

ಆ ಆರುನೂರರಲ್ಲಿ ಒಂದು ಸುತ್ತು ನಾಟಕಮಂದಿರದ ಮ್ಯಾನೇಜರದು. ಎಡಮೂಲೆಗೆ ಹಾಕಿದ್ದರು. ಇಲ್ಲ ಸರ್ ಅಂತ ಅಕ್ಕ ಬರೆದಳು. ಹದಿನೇಳನೆಯ ದಿನ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಅವರೇ ನಿಂತಿದ್ದರು. ಶಾಲು ಕೈಗೆ ತೆಗೆದುಕೊಂಡು ಭೂತಗನ್ನಡಿಯ ಕೆಳಗೆ ಹಿಡಿದು ಅರ್ಧ ಗಂಟೆ ಹುಡುಕಿದರು. ಕೊನೆಗೆ ಅಕ್ಕ ಅವರ ಬೆರಳು ಹಿಡಿದು ಆ ಜಾಗದ ಮೇಲಿಟ್ಟಳು. ಇಟ್ಟ ಮೇಲೂ ಅವರಿಗೆ ಕಾಣಲಿಲ್ಲ. ಪರದೆ ನೋಡಲು ಯಾವಾಗ ಬರುತ್ತೀರಿ ಅಂತ ಕೇಳಿ, ಆಮೇಲೆ ಸ್ಟೂಲಿನ ಮೇಲಿದ್ದ ನನ್ನ ಕಡೆ ತಿರುಗಿದರು. ಅವರಿಗೆ ನಾನು ಯಾರು ಅಂತ ಗೊತ್ತಿತ್ತು.

"ಇವಳೂ ಬರ್ತಾಳೆ," ಅಂದಳು ಅಕ್ಕ. "ಮಖಮಲ್ಲು ಭಾರ, ಎತ್ತಿ ಹಿಡಿಯೋಕೆ ಒಬ್ಬರು ಬೇಕು. ಇವಳು ಯಾರಿಗೂ ಹೇಳಲ್ಲ."

ನನ್ನ ಮೇಲೆ ಯಾರೂ ಅಂಥ ಮಾತು ಹೇಳಿದ್ದಿಲ್ಲ. ನಾನು ಕಿಟಕಿಯ ಕಡೆ ತಿರುಗಿಕೊಂಡು ಮೂಗೊರೆಸಿಕೊಂಡೆ.

ಹನ್ನೊಂದು ದಿನ ಆ ಕೆಲಸ ನಡೆಯಿತು. ಮಂದಿರದೊಳಗೆ ಹಗಲು ಬೆಳಕಿಲ್ಲ, ಬರೀ ದೀಪ. ಅಕ್ಕ ಒಪ್ಪಲಿಲ್ಲ. ನಾಟಕದ ಸಾಮಾನು ತರುವ ಹಿಂದಿನ ದೊಡ್ಡ ಬಾಗಿಲು ತೆರೆಸಿ, ಪರದೆಯನ್ನು ಅಲ್ಲಿಯವರೆಗೆ ಎಳೆಸಿ, ಬೆಳಕಿಗೆ ಹರಡಿಸಿಕೊಂಡಳು. ಮಖಮಲ್ಲಿಗೆ ಬರೀ ನೇಯ್ದರೆ ಸಾಲದು, ಮೇಲಿನ ನವಿರು ಕೂದಲೂ ಬರಬೇಕು. ಕೆಳಗಿನ ಮಡಿಕೆಯ ಒಳಗಿನಿಂದ ಆ ನವಿರನ್ನು ಚಿಮಟದಲ್ಲಿ ಕಿತ್ತು, ಒಂದೊಂದು ಕುಚ್ಚಾಗಿ ಕೂಡಿಸಿದಳು. ನಾನು ಬಟ್ಟೆಯ ಭಾರ ತೋಳಿನ ಮೇಲೆ ಹೊತ್ತು ಕೂತಿರುತ್ತಿದ್ದೆ. ಮೂರನೆಯ ದಿನ ನನ್ನ ಭುಜ ಹಿಡಿದುಕೊಂಡಿತು, ಏಳನೆಯ ದಿನ ಅವಳ ಕಣ್ಣು ಕೆಂಪಾಯಿತು, ಒಂದು ಸಾಲು ಕೂದಲು ಉಲ್ಟಾ ಬಿದ್ದಿದೆ ಅಂತ ಅರ್ಧ ದಿನದ ಕೆಲಸ ಅವಳೇ ಬಿಚ್ಚಿದಳು. ನಾನಾಗಿದ್ದರೆ ಪರದೆಗೆ ಬೆಂಕಿ ಇಡುತ್ತಿದ್ದೆ.

ಮನೆಯಲ್ಲಿ ದಿನಾ ಎಲ್ಲಿಗೆ ಹೋಗುತ್ತೀಯ ಅಂತ ಕೇಳಿದರು. ಹಲ್ಲಿನ ಡಾಕ್ಟರ ಹತ್ತಿರ ಅಂದೆ. ಹನ್ನೊಂದು ದಿನವೂ ಅಂದೆ. ನಿನ್ನ ಬಾಯಿ ದೊಡ್ಡದು ಅಂತ ಗೊತ್ತಿತ್ತು, ಇಷ್ಟು ಹಲ್ಲಿದೆ ಅಂತ ಗೊತ್ತಿರಲಿಲ್ಲ ಅಂದರು ಯಜಮಾನರು. ಉತ್ತರ ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿದೆ. ಹೊಟ್ಟೆಯೊಳಗೆ ಗುಟ್ಟು ಇಟ್ಟುಕೊಂಡು ಮಲಗುವುದು ಎಷ್ಟು ಕಷ್ಟ! ಅಕ್ಕ ಇಪ್ಪತ್ತಾರು ವರ್ಷ ಹೇಗೆ ತಡೆದಳೋ.

ಮರು ಆರಂಭದ ಸಂಜೆ ಮಂದಿರ ತುಂಬಿತ್ತು. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತೆವು. ದೀಪ ಬಿದ್ದಾಗ ಆ ದಾಳಿಂಬೆ ಬಣ್ಣದ ಪರದೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಹೊಳೆಯಿತು. ಐನೂರು ಜನ ಅದನ್ನೇ ನೋಡುತ್ತಿದ್ದರು, ಒಬ್ಬರಿಗೂ ಏನೂ ಕಾಣಲಿಲ್ಲ. ಅಕ್ಕ ನನ್ನ ಕೈ ಹಿಡಿದದ್ದು ನಾಟಕ ಅರ್ಧ ಆದ ಮೇಲೂ ಬಿಡಲಿಲ್ಲ. ನನಗೆ ಎದ್ದು ನಿಂತು ಕೂಗಬೇಕು ಅನ್ನಿಸಿತು, ಇವಳು ಮಾಡಿದ್ದು, ನಮ್ಮಕ್ಕ ಮಾಡಿದ್ದು ಅಂತ. ಕೂತೇ ಇದ್ದೆ.

ನಾಟಕ ಮುಗಿದ ಮೇಲೆ ಪರದೆ ಕೊಡಿಸಿದ ಅಜ್ಜಿ ಕೋಲೂರಿಕೊಂಡು ವೇದಿಕೆ ಹತ್ತಿದರು. ಮ್ಯಾನೇಜರು ನಮ್ಮನ್ನೂ ಕರೆದರು. ಅಜ್ಜಿ ಅಂಗೈಯಿಂದ ಮಖಮಲ್ಲು ಸವರುತ್ತಾ, ತಂದ ದಿನ ಹೇಗಿತ್ತೋ ಹಾಗೇ ಇದೆ, ನೀವು ಚೆನ್ನಾಗಿ ನೋಡಿಕೊಂಡಿದ್ದೀರಿ ಅಂದರು. ಮ್ಯಾನೇಜರಿಗೆ ಆ ಹೊಗಳಿಕೆ ದಕ್ಕಲಿಲ್ಲ. ಬೆವರೊರೆಸಿಕೊಂಡು ನಿಜ ಹೇಳಿಬಿಟ್ಟರು. ಅಮ್ಮ, ಇದು ನಮ್ಮ ಅಜಾಗರೂಕತೆಯಿಂದ ಹರಿದಿತ್ತು, ಇವರು ಸರಿಮಾಡಿಕೊಟ್ಟರು ಅಂತ ಅಕ್ಕನನ್ನು ಮುಂದೆ ತಂದು ನಿಲ್ಲಿಸಿದರು.

ಅಜ್ಜಿ ಕನ್ನಡಕ ಹಾಕಿಕೊಂಡರು. ಎಲ್ಲಿ ತೋರಿಸು ಅಂದರು. ಮ್ಯಾನೇಜರು ಇಲ್ಲಿ ಅಂತ ಕೈ ಚಾಚಿದರು, ಅಲ್ಲ, ಇಲ್ಲಿ ಅಂತ ಇನ್ನೊಂದು ಕಡೆ ಹೋದರು, ಬಗ್ಗಿದರು, ಎದ್ದರು. ಸಿಗಲಿಲ್ಲ. ಅಜ್ಜಿ ಅಕ್ಕನ ಕಡೆ ತಿರುಗಿದರು. "ನೀನೇ ಹೇಳಮ್ಮ. ಎಲ್ಲಿ ಹರಿದಿತ್ತು?"

"ಮರೆತುಹೋಯ್ತು ಅಮ್ಮ," ಅಂದಳು ನಮ್ಮಕ್ಕ.

ಅಜ್ಜಿ ಅವಳ ಬೆರಳುಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕರು, ಆಮೇಲೆ ಆ ಬೆರಳಿಗೆ ಮುತ್ತಿಟ್ಟರು. ನನಗೆ ಆ ಜಾಗ ಗೊತ್ತಿತ್ತು, ಈಗಲೂ ಗೊತ್ತು, ನನ್ನ ತೋಳಿನ ಮೇಲೆ ಹನ್ನೊಂದು ದಿನ ಇದ್ದದ್ದು. ಅಜ್ಜಿ ಕೊನೆಗೆ ನನ್ನನ್ನೂ ಕೇಳಿದರು. ನನಗೇನೂ ಗೊತ್ತಿಲ್ಲಮ್ಮ, ನಾನು ಮನೆಯವಳು ಅಂದೆ.

ಅಜ್ಜಿಯ ಒಪ್ಪಿಗೆ ಕೇಳಿಯೇ ಮ್ಯಾನೇಜರು ಪುಟದಲ್ಲಿ ನಾಲ್ಕು ಸಾಲು ಬರೆದರು. ನಮ್ಮ ಪರದೆ ಹರಿದಿತ್ತು, ಎಲ್ಲಿ ಅಂತ ಈಗ ನನಗೇ ತಿಳಿಯುತ್ತಿಲ್ಲ ಅಂತ. ಅದರ ನಂತರ ಅಕ್ಕನಿಗೆ ಪುರುಸೊತ್ತಿಲ್ಲ. ದೂರದೂರದ ಊರುಗಳಿಂದ ಬಟ್ಟೆ ಪಾರ್ಸಲ್ ಬರುತ್ತೆ, ಹಳೆಯ ಬಾವುಟ, ವಕೀಲರ ಗೌನು, ಯಾರದೋ ತಾತನ ಟೋಪಿ. ಎಲ್ಲಕ್ಕೂ ನೀಲಿ ಚೀಟಿ, ಬರೀ ನಂಬರು. ಮನೆಯ ಖಾತೆಯಲ್ಲಿ ಭಾವನ ಗುಲಾಬಿ ದಿನಾ ಅರಳುತ್ತೆ, ಅದಕ್ಕೆ ಮೊದಲ ಲೈಕು ಅಕ್ಕನದೇ. ಅಂಗಡಿಯ ಪುಟಕ್ಕೆ ನಾನೂ ಹೋಗುತ್ತೇನೆ, ಓದುತ್ತೇನೆ, ಹೆಮ್ಮೆಯಿಂದ ಎದೆಯುಬ್ಬಿಸಿಕೊಂಡು ಬಾಯಿ ಮುಚ್ಚಿಕೊಂಡು ಬರುತ್ತೇನೆ.

ಮೊನ್ನೆ ಡಬ್ಬಿ ಕೊಡಲು ಹೋದಾಗ ಕಿಟಕಿಯ ಪಕ್ಕ ಒಂದು ಕಪ್ಪು ಕೋಟು ತೂಗುತ್ತಿತ್ತು. ಈ ಸಲ ಕಾಲರಿನ ಹತ್ತಿರ ಸವೆದಿತ್ತು. ತೋಳಿನ ಕೊನೆಯ ಗುಂಡಿ ಕಂದು ಬಣ್ಣ. ಬಂದಿದ್ದಾರೆ, ಮತ್ತೆ ಬಂದಿದ್ದಾರೆ.

ಅಕ್ಕ ಸೂಜಿಯಿಂದ ಕಣ್ಣೆತ್ತದೆ, ಏನು ಹಾಗೆ ನೋಡ್ತಾ ಇದ್ದೀಯ, ಯಾರದು ಅಂತ ಗೊತ್ತಾಯ್ತಾ ಅಂತ ಕೇಳಿದಳು.

"ನನಗೇನು ಗೊತ್ತಕ್ಕ," ಅಂದೆ. "ಯಾರದೋ ಕೋಟು."

ಅಕ್ಕ ಎಳೆ ಕಚ್ಚಿ ತುಂಡರಿಸಿ, ಸೂಜಿ ಮೇಜಿನ ಮೇಲಿಟ್ಟು, ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಇಬ್ಬರಿಗೂ ತಂದಿದ್ದೀಯ ತಾನೇ, ಕೂತ್ಕೋ, ಜೊತೆಗೆ ಊಟ ಮಾಡೋಣ ಅಂದಳು.